ಇಂಟೆಲ್ ಸಿಇಒಗಳ ಹಿನ್ನೆಲೆ ಮತ್ತು 10 ನ್ಯಾನೊಮೀಟರ್ ಎಡವಟ್ಟು: ಒಂದು ಪ್ರಕರಣ ಅಧ್ಯಯನ

ಅಮೆರಿಕದ ಚಿಪ್ ತಯಾರಕ ಇಂಟೆಲ್ ಕಂಪನಿಯ ಕುಸಿತಕ್ಕೆ ಒಂದು ಸಿದ್ಧ ವಿವರಣೆ ಚಾಲ್ತಿಯಲ್ಲಿದೆ: ಇಂಜಿನಿಯರುಗಳು ಕಟ್ಟಿದರು, ಲೆಕ್ಕದವರು ಕೆಡಿಸಿದರು. ಕೇಳಲು ಚೆನ್ನಾಗಿದೆ, ಆದರೆ ತಾರೀಖುಗಳ ಪಕ್ಕ ಇಟ್ಟರೆ ನಿಲ್ಲುವುದಿಲ್ಲ. ಕಂಪನಿಯ ಅತ್ಯಂತ ದುಬಾರಿ ತಯಾರಿಕಾ ಸೋಲು, ಅಂದರೆ 10 ನ್ಯಾನೊಮೀಟರ್ ಎಂದು ಹೆಸರಿಟ್ಟ ಪೀಳಿಗೆಯ ತಯಾರಿಕಾ ಪ್ರಕ್ರಿಯೆಯ ವಿಳಂಬ, ಬೆಳೆದು ಬಯಲಾದದ್ದು ಫ್ಯಾಬ್‌ನಲ್ಲೇ (ಚಿಪ್ ಕಾರ್ಖಾನೆಯಲ್ಲೇ) ಕೆಲಸ ಕಲಿತು ಮೇಲೇರಿದ ಸಿಇಒ ಕಾಲದಲ್ಲಿ. ಅದಕ್ಕೆ ಹಿಂದಿನ ಎಂಟು ವರ್ಷ ಇದೇ ಕಂಪನಿ ಟ್ರಾನ್ಸಿಸ್ಟರ್ ತಂತ್ರಜ್ಞಾನದಲ್ಲಿ ಎದುರಾಳಿಗಳನ್ನು ಮೂರ್ನಾಲ್ಕು ವರ್ಷ ಹಿಂದೆ ಬಿಟ್ಟಿತ್ತು. ಆಗ ಸಿಇಒ ಆಗಿದ್ದವರು ಅರ್ಥಶಾಸ್ತ್ರ ಓದಿ, ಹಣಕಾಸು ಮತ್ತು ಮಾರಾಟ ವಿಭಾಗಗಳಲ್ಲಿ ಬೆಳೆದವರು.

ಹಾಗೆಂದು ನಾಯಕರ ಓದಿಗೂ ಅನುಭವಕ್ಕೂ ಬೆಲೆಯಿಲ್ಲ ಎಂದಲ್ಲ. ಚಿಪ್ ತಯಾರಿಕೆಯಲ್ಲಿ ತೀರ್ಮಾನ ತೆಗೆದುಕೊಂಡ ದಿನಕ್ಕೂ ಅದರ ಫಲ ಕಾಣುವ ದಿನಕ್ಕೂ ನಡುವೆ ಐದಾರು ವರ್ಷ ಕಳೆದುಹೋಗುತ್ತದೆ. ಸಿಇಒ ಆದವರು ತಮ್ಮ ಕೈಯಾರೆ ಯಾವ ಕೆಲಸ ಮಾಡಿದ್ದರು, ಅವರ ಅವಧಿಯಲ್ಲಿ ಹೊರಬಂದದ್ದು ಯಾರ ತೀರ್ಮಾನದ ಫಲ ಎಂಬ ಎರಡನ್ನೂ ಬಿಡಿಸಿಕೊಳ್ಳದೆ ಹಿನ್ನೆಲೆಯ ಬಗ್ಗೆ ಮಾತಾಡಿದರೆ ಅದು ಬರೀ ಅಂದಾಜು.

ಕುರ್ಚಿಯಲ್ಲಿ ಕೂತವರು

ಕಂಪನಿ ಹುಟ್ಟಿದ್ದು 1968ರ ಜುಲೈನಲ್ಲಿ. ಮೊದಲ ನಾಲ್ವರು ಸಿಇಒಗಳೂ ಪಿಎಚ್‌ಡಿ ಪಡೆದವರು: ರಾಬರ್ಟ್ ನಾಯ್ಸ್ ಭೌತಶಾಸ್ತ್ರದಲ್ಲಿ, ಗಾರ್ಡನ್ ಮೂರ್ ರಸಾಯನಶಾಸ್ತ್ರದಲ್ಲಿ, ಆಂಡಿ ಗ್ರೋವ್ ಕೆಮಿಕಲ್ ಇಂಜಿನಿಯರಿಂಗ್‌ನಲ್ಲಿ, ಕ್ರೇಗ್ ಬ್ಯಾರೆಟ್ ವಸ್ತುವಿಜ್ಞಾನದಲ್ಲಿ. ಬ್ಯಾರೆಟ್ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಹೇಳುತ್ತಿದ್ದವರು 1974ರಲ್ಲಿ ಕಂಪನಿ ಸೇರಿ, 1998ರಿಂದ 2005ರವರೆಗೆ ಸಿಇಒ ಆಗಿದ್ದರು. ಈ ಪ್ರಕರಣಕ್ಕೆ ಅವರ ಸಿಇಒ ಅವಧಿಗಿಂತ ಅದಕ್ಕೂ ಮೊದಲು ಅವರು ನೆಲೆಗೊಳಿಸಿದ ಒಂದು ಪದ್ಧತಿ ಮುಖ್ಯ.

ಅದಕ್ಕೆ ಕಂಪನಿಯೊಳಗೆ ‘ಕಾಪಿ ಎಕ್ಸಾಕ್ಟ್ಲಿ’ ಎಂದೇ ಹೆಸರು. ಒರೆಗಾನ್‌ನ ಅಭಿವೃದ್ಧಿ ಘಟಕದಲ್ಲಿ ಒಂದು ಪ್ರಕ್ರಿಯೆ ಕುದುರಿದ ಮೇಲೆ, ಅದನ್ನು ಬೇರೆ ಊರಿನ ಫ್ಯಾಬ್‌ಗೆ ಒಯ್ಯುವಾಗ ಏನನ್ನೂ ‘ಸುಧಾರಿಸುವಂತಿಲ್ಲ’. ಯಂತ್ರದ ಮಾದರಿ, ರೆಸಿಪಿ, ಅನಿಲದ ಒತ್ತಡ ಮಾತ್ರವಲ್ಲ, ಪೈಪ್ ಎಷ್ಟು ಉದ್ದ, ಎಷ್ಟು ಕಡೆ ಬಾಗಿದೆ ಎಂಬುದೂ ಹಾಗೇ ಇರಬೇಕು. ಹೊಸ ಫ್ಯಾಬ್‌ನಲ್ಲಿ ಫಲಿತಾಂಶ ಕೆಟ್ಟರೆ ಕಾರಣ ಹುಡುಕುವ ಜಾಗ ಕಿರಿದಾಗಿರಬೇಕು ಎಂಬುದು ಇದರ ಹಿಂದಿನ ತರ್ಕ. ಎಲ್ಲವೂ ಒಂದೇ ಆಗಿದ್ದು ಯಾವುದೋ ಒಂದು ಮಾತ್ರ ಬೇರೆಯಾಗಿದ್ದರೆ ತಪ್ಪು ಅಲ್ಲೇ ಇದೆ. ಈ ಶಿಸ್ತು ಇಂಟೆಲ್‌ಗೆ ದಶಕಗಟ್ಟಲೆ ಅನ್ನ ಹಾಕಿತು. ಆದರೆ ಇದರಲ್ಲಿ ಬೆಳೆದ ತಯಾರಿಕಾ ಮ್ಯಾನೇಜರ್ ಕರಗತ ಮಾಡಿಕೊಳ್ಳುವುದು ಸಿದ್ಧ ರೆಸಿಪಿಯನ್ನು ತಪ್ಪಿಲ್ಲದೆ ಹರಡುವ ಕಲೆಯನ್ನು. ಇನ್ನೂ ಹುಟ್ಟದ ರೆಸಿಪಿಯನ್ನು ಹುಟ್ಟಿಸುವುದು ಬೇರೆ ಕಸುಬು. ರೆಸ್ಯೂಮೆಯಲ್ಲಿ ಎರಡೂ ‘ತಯಾರಿಕಾ ಅನುಭವ’ ಎಂದೇ ಬರುತ್ತವೆ, ಗೊಂದಲ ಶುರುವಾಗುವುದು ಅಲ್ಲಿಂದಲೇ.

ಬ್ಯಾರೆಟ್ ನಂತರ ಬಂದವರು ಪಾಲ್ ಒಟೆಲಿನಿ. ಅರ್ಥಶಾಸ್ತ್ರದ ಪದವಿ, ಬರ್ಕ್ಲಿಯ ಎಂಬಿಎ, 1974ರಲ್ಲಿ ಇಂಟೆಲ್‌ನ ಹಣಕಾಸು ವಿಭಾಗಕ್ಕೆ ಸೇರ್ಪಡೆ, ಮುಂದೆ ಮಾರಾಟದ ಮುಖ್ಯಸ್ಥ. ಇಂಜಿನಿಯರಿಂಗ್ ಅಥವಾ ವಿಜ್ಞಾನದ ಪದವಿಯಿಲ್ಲದ ಮೊದಲ ಸಿಇಒ. 2013ರ ಮೇನಲ್ಲಿ ಬಂದ ಬ್ರಯಾನ್ ಕ್ರ್ಜಾನಿಚ್ ಇದಕ್ಕೆ ಪೂರ್ತಿ ತದ್ವಿರುದ್ಧ: ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ರಸಾಯನಶಾಸ್ತ್ರದ ಪದವಿ, 1982ರಲ್ಲಿ ಪ್ರೊಸೆಸ್ ಇಂಜಿನಿಯರ್ ಆಗಿ ಸೇರ್ಪಡೆ, ಆಮೇಲೆ ಫ್ಯಾಕ್ಟರಿ ಮ್ಯಾನೇಜರ್, ಅಸೆಂಬ್ಲಿ ಮತ್ತು ಟೆಸ್ಟ್ ವಿಭಾಗದ ಮುಖ್ಯಸ್ಥ, 2012ರಲ್ಲಿ ಸಿಒಒ (ಕಾರ್ಯಾಚರಣೆಯ ಮುಖ್ಯಸ್ಥ). 2001ರಿಂದ 2003ರವರೆಗೆ 0.13 ಮೈಕ್ರಾನ್ ಪ್ರಕ್ರಿಯೆಯನ್ನು ಜಗತ್ತಿನ ಇಂಟೆಲ್ ಫ್ಯಾಬ್‌ಗಳಲ್ಲಿ ಜಾರಿಗೊಳಿಸಿದ ಹೊಣೆ ಅವರದು. ಅದು ಹರಡುವ ಕಸುಬಿನಲ್ಲಿ ಮೊದಲ ದರ್ಜೆಯ ಅರ್ಹತೆ. ಅವರು ಕುರ್ಚಿ ಹಿಡಿದಾಗ ಕಂಪನಿಗೆ ಬೇಕಾಗಿದ್ದದ್ದು ಇನ್ನೊಂದು ಕಸುಬು.

36 ಮತ್ತು 40

ಈಗ ಪ್ರಕ್ರಿಯೆಯ ಒಳಗೆ ಹೋಗೋಣ. ಇದನ್ನು ಹತ್ತಿರದಿಂದ ನೋಡದೆ ನಾಯಕತ್ವದ ಮಾತು ಗಾಳಿಮಾತಾಗುತ್ತದೆ.

ಚಿಪ್‌ನ ಅತಿ ಕೆಳಗಿನ ಲೋಹದ ಪದರಗಳಲ್ಲಿ ತಂತಿಗಳು ಒಂದರ ಪಕ್ಕ ಒಂದು ಸಾಲಾಗಿರುತ್ತವೆ. ಒಂದು ತಂತಿಯ ಮಧ್ಯದಿಂದ ಮುಂದಿನ ತಂತಿಯ ಮಧ್ಯಕ್ಕಿರುವ ದೂರಕ್ಕೆ ಪಿಚ್ ಎನ್ನುತ್ತಾರೆ. 193 ನ್ಯಾನೊಮೀಟರ್ ತರಂಗಾಂತರದ ಇಮ್ಮರ್ಷನ್ ಲಿಥೋಗ್ರಫಿ ಯಂತ್ರ (ಬೆಳಕಿನಿಂದ ಗೆರೆ ಮೂಡಿಸುವ ಯಂತ್ರ) ಒಂದೇ ಸಲ ಬೆಳಕು ಹಾಯಿಸಿ ಬರೆಯಬಲ್ಲ ಪಿಚ್ ಸುಮಾರು 80 ನ್ಯಾನೊಮೀಟರ್. ಅದಕ್ಕಿಂತ ಒತ್ತಾಗಿ ಬೇಕಿದ್ದರೆ ಒಂದು ಉಪಾಯವಿದೆ. ಮೊದಲು ಅಗಲ ಅಂತರದಲ್ಲಿ ಆಧಾರಗೆರೆಗಳನ್ನು ಮಾಡಿ, ಅವುಗಳ ಎರಡೂ ಮಗ್ಗುಲಿಗೆ ತೆಳು ಪದರ ಬೆಳೆಸಿ, ನಡುವಿನ ಆಧಾರವನ್ನು ತೆಗೆದುಹಾಕಿದರೆ ಒಂದಿದ್ದ ಕಡೆ ಎರಡು ಗೆರೆ ಉಳಿಯುತ್ತವೆ. ಪಿಚ್ 40ಕ್ಕೆ ಇಳಿಯಿತು. ಇದನ್ನೇ ಇನ್ನೊಮ್ಮೆ ಮಾಡಿದರೆ ನಾಲ್ಕು ಗೆರೆ, ಪಿಚ್ 20ರ ಆಸುಪಾಸು. ಮೊದಲನೆಯದು ಡಬಲ್ ಪ್ಯಾಟರ್ನಿಂಗ್, ಎರಡನೆಯದು ಕ್ವಾಡ್.

ಇಂಟೆಲ್‌ನ 14 ನ್ಯಾನೊಮೀಟರ್ ಪ್ರಕ್ರಿಯೆಯಲ್ಲಿ ಕನಿಷ್ಠ ಲೋಹ ಪಿಚ್ 52 ಇತ್ತು. ಡಬಲ್ ಪ್ಯಾಟರ್ನಿಂಗ್‌ಗೆ ಅದು ಆರಾಮ. 10 ನ್ಯಾನೊಮೀಟರ್‌ಗೆ ಇಟ್ಟ ಗುರಿ 36. ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿ, ಇದಕ್ಕೆ ಸಾಟಿಯಾದ ತನ್ನ 7 ನ್ಯಾನೊಮೀಟರ್ ಪ್ರಕ್ರಿಯೆಗೆ ಆರಿಸಿಕೊಂಡದ್ದು 40. ನಾಲ್ಕೇ ನ್ಯಾನೊಮೀಟರ್ ವ್ಯತ್ಯಾಸ, ಆದರೆ ಡಬಲ್ ಪ್ಯಾಟರ್ನಿಂಗ್‌ನ ಗಡಿ ಸರಿಯಾಗಿ ಇವೆರಡರ ನಡುವೆ ಹಾದುಹೋಗುತ್ತದೆ. 40ರಲ್ಲಿ ನಿಂತವರು ಪಳಗಿದ ಹಾದಿಯಲ್ಲೇ ಉಳಿದರು, 36ಕ್ಕೆ ಇಳಿದವರು ಕ್ವಾಡ್‌ಗೆ ಬಿದ್ದರು.

ಕ್ವಾಡ್‌ನಲ್ಲಿ ಕೆಡುವುದೇನು? ಮಗ್ಗುಲ ಪದರದ ದಪ್ಪ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗೆರೆಗಳ ನಡುವಿನ ಅಂತರ ಒಮ್ಮೆ ಅಗಲ, ಒಮ್ಮೆ ಕಿರಿದು ಆಗುತ್ತದೆ. ಎರಡು ಸುತ್ತು ಮಾಡಿದಾಗ ಮೊದಲ ಸುತ್ತಿನ ತಪ್ಪಿನ ಮೇಲೆ ಎರಡನೆಯದು ಕೂಡಿಕೊಳ್ಳುತ್ತದೆ. ಹೀಗೆ ಬಂದ ಗೆರೆಗಳು ಉದ್ದಕ್ಕೂ ಓಡುತ್ತವೆ. ಅವನ್ನು ಬೇಕಾದಲ್ಲಿ ತುಂಡರಿಸಲು ಬೇರೆ ಮಾಸ್ಕ್‌ಗಳು (ಬೆಳಕು ಎಲ್ಲಿ ಬೀಳಬೇಕೆಂದು ತೋರುವ ಅಚ್ಚುಗಳು) ಬೇಕು, ಪ್ರತಿ ಮಾಸ್ಕ್ ಕೆಳಗಿನ ಗೆರೆಗಳ ಮೇಲೆ ಕೆಲವೇ ನ್ಯಾನೊಮೀಟರ್ ಒಳಗೆ ಕರಾರುವಾಕ್ಕಾಗಿ ಕೂರಬೇಕು. ಕೆಲವು ಪದರಗಳಿಗೆ ಐದಾರು ಪಟ್ಟು ಪ್ಯಾಟರ್ನಿಂಗ್ ಬೇಕಾಗಿದೆ ಎಂದು 2018ರ ಏಪ್ರಿಲ್‌ನಲ್ಲಿ ಕ್ರ್ಜಾನಿಚ್ ಅವರೇ ಹೂಡಿಕೆದಾರರಿಗೆ ವಿವರಿಸಿದರು.

ಗುಣಾಕಾರ ಸರಳ. ಸಾವಿರ ಹಂತಗಳ ಪ್ರಕ್ರಿಯೆಯಲ್ಲಿ ಪ್ರತಿ ಹಂತವೂ ನೂರಕ್ಕೆ 99.99 ಸರಿಯಾದರೆ ಕೊನೆಗೆ ಉಳಿಯುವುದು ಸುಮಾರು ಶೇ 90. ಪ್ರತಿ ಹಂತ 99.9ಕ್ಕೆ ಇಳಿದರೆ ಉಳಿಯುವುದು ಶೇ 37. ಹಂತಗಳನ್ನು ಹೆಚ್ಚಿಸುವ, ಜೊತೆಗೆ ಪ್ರತಿ ಹಂತವನ್ನೂ ಕಷ್ಟವಾಗಿಸುವ ಗುರಿ ಎರಡೂ ಕಡೆಯಿಂದ ಕಚ್ಚುತ್ತದೆ.

ಇಷ್ಟೇ ಆಗಿದ್ದರೆ ಸುಧಾರಿಸಿಕೊಳ್ಳಬಹುದಿತ್ತೇನೊ. ಆದರೆ ಅದೇ ಪೀಳಿಗೆಯಲ್ಲಿ ಇನ್ನೂ ಎರಡು ಹೊಸತನ್ನು ಸೇರಿಸಿದ್ದರು. ಕೆಳಗಿನ ಎರಡು ಪದರಗಳಲ್ಲಿ ತಾಮ್ರದ ಬದಲು ಕೋಬಾಲ್ಟ್ ತಂತಿ: ತುಂಬ ಕಿರಿದಾದ ತಂತಿಯಲ್ಲಿ ತಾಮ್ರದ ಸುತ್ತ ಹಾಕುವ ತಡೆಪದರವೇ ಜಾಗ ನುಂಗುತ್ತದೆ, ವಿದ್ಯುತ್ ಹರಿವಿಗೆ ತಾಮ್ರದ ಪರಮಾಣುಗಳು ಕೊಚ್ಚಿಹೋಗುವುದೂ ಹೆಚ್ಚು ಎಂಬುದು ಇದಕ್ಕೆ ಕಾರಣ. ಕೋಬಾಲ್ಟ್ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅದರ ಸಹಜ ವಿದ್ಯುತ್ ನಿರೋಧ ತಾಮ್ರದ ಮೂರು ಪಟ್ಟಿಗೂ ಹೆಚ್ಚು, ಇಷ್ಟು ಸಣ್ಣ ಗಾತ್ರದಲ್ಲಿ ತುಂಬಿಸಿದ ಅನುಭವವೂ ಆಗ ಯಾರಿಗೂ ಇರಲಿಲ್ಲ. ಇನ್ನೊಂದು, ಟ್ರಾನ್ಸಿಸ್ಟರ್‌ನ ಗೇಟ್‌ಗೆ (ವಿದ್ಯುತ್ ಹರಿವನ್ನು ಬಿಡುವ, ತಡೆಯುವ ಭಾಗಕ್ಕೆ) ಪಕ್ಕದಿಂದ ಬರುತ್ತಿದ್ದ ಸಂಪರ್ಕವನ್ನು ಅದರ ನೆತ್ತಿಗೇ ತಂದಿಡುವುದು. ಇದರಿಂದ ಜಾಗ ಉಳಿಯುತ್ತದೆ. ಕೊರೆಯುವ ರಾಸಾಯನಿಕ ಒಂದು ಪದರವನ್ನು ತಿಂದು ಪಕ್ಕದ್ದನ್ನು ಬಿಡುವುದರಲ್ಲಿ ತುಸು ಎಡವಿದರೆ ಶಾರ್ಟ್ ಆಗುತ್ತದೆ.

ಇಷ್ಟೆಲ್ಲ ಏಕೆ? ಹಿಂದಿನ ಪೀಳಿಗೆಗಿಂತ 2.7 ಪಟ್ಟು ಸಾಂದ್ರತೆ ಬೇಕು ಎಂಬ ಗುರಿಗಾಗಿ. 14 ನ್ಯಾನೊಮೀಟರ್‌ನಲ್ಲಿ ಚದರ ಮಿಲಿಮೀಟರಿಗೆ 3.75 ಕೋಟಿ ಟ್ರಾನ್ಸಿಸ್ಟರ್, 10ರಲ್ಲಿ 10 ಕೋಟಿ. ವಾಡಿಕೆಯಂತೆ ಒಂದು ಪೀಳಿಗೆಗೆ ಎರಡು ಪಟ್ಟು ಸಾಕು. 14 ನ್ಯಾನೊಮೀಟರ್ ತಡವಾದದ್ದನ್ನು ಒಂದೇ ನೆಗೆತದಲ್ಲಿ ಸರಿದೂಗಿಸುವ ಆಸೆ ಇದರ ಹಿಂದೆ ಇತ್ತು. ಮೂರು ಹೊಸತು ಒಟ್ಟಿಗೆ ಬಂದಾಗ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಬೇರ್ಪಡಿಸುವುದು ಕಷ್ಟ. ‘ಕಾಪಿ ಎಕ್ಸಾಕ್ಟ್ಲಿ’ ಯಾವ ತರ್ಕದ ಮೇಲೆ ನಿಂತಿತ್ತೋ ಅದನ್ನೇ ಅಭಿವೃದ್ಧಿ ಹಂತದಲ್ಲಿ ಕೈಬಿಟ್ಟಂತಾಯಿತು.

ಫಲಿತಾಂಶದ ತಾರೀಖುಗಳು ಹೀಗಿವೆ. 2015ರ ಜುಲೈನಲ್ಲಿ, 10 ನ್ಯಾನೊಮೀಟರ್ 2017ರ ಉತ್ತರಾರ್ಧಕ್ಕೆ ಎಂದರು. 2018ರ ಏಪ್ರಿಲ್‌ನಲ್ಲಿ, ದೊಡ್ಡ ಪ್ರಮಾಣದ ಉತ್ಪಾದನೆ 2019ಕ್ಕೆ ಎಂದರು. ಆ ನಡುವೆ 10 ನ್ಯಾನೊಮೀಟರ್ ಚಿಪ್‌ಗಳನ್ನು ‘ಸಾಗಿಸುತ್ತಿದ್ದೇವೆ’ ಎಂಬ ಹೇಳಿಕೆಯೂ ಬಂತು. ಸಾಗಿಸಿದ್ದು ಒಂದು ಸಣ್ಣ ಲ್ಯಾಪ್‌ಟಾಪ್ ಚಿಪ್, ಅದರಲ್ಲೂ ಗ್ರಾಫಿಕ್ಸ್ ಭಾಗವನ್ನು ಮುಚ್ಚಿಟ್ಟು.

ಇಂಥ ಹೇಳಿಕೆಯನ್ನು ಓದುವ ಬಗೆ ಗೊತ್ತಿರಬೇಕು. ದೋಷಗಳು ವೇಫರ್ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಮೇಲೆ ಎಲ್ಲೆಂದರಲ್ಲಿ ಬಿದ್ದಿವೆ ಎಂದುಕೊಂಡರೆ, ಯೀಲ್ಡ್, ಅಂದರೆ ಸರಿ ಬಂದ ಚಿಪ್‌ಗಳ ಪಾಲು, ಚಿಪ್‌ನ ವಿಸ್ತೀರ್ಣ ಹೆಚ್ಚಿದಂತೆ ಘಾತೀಯವಾಗಿ ಇಳಿಯುತ್ತದೆ. ಚದರ ಸೆಂಟಿಮೀಟರಿಗೆ ಸರಾಸರಿ ಒಂದು ದೋಷವಿರುವ ಕೆಟ್ಟ ಪ್ರಕ್ರಿಯೆಯಲ್ಲೂ 70 ಚದರ ಮಿಲಿಮೀಟರಿನ ಚಿಪ್ ಅರ್ಧದಷ್ಟು ಸರಿ ಬರುತ್ತದೆ. ಅದೇ ಪ್ರಕ್ರಿಯೆಯಲ್ಲಿ 600 ಚದರ ಮಿಲಿಮೀಟರಿನ ಸರ್ವರ್ ಚಿಪ್ ಮಾಡಿದರೆ 400ಕ್ಕೆ ಒಂದು ಮಾತ್ರ ಸರಿ. ದೋಷ 0.2ಕ್ಕೆ ಇಳಿದ ಮೇಲೂ ಸರ್ವರ್ ಚಿಪ್‌ನ ಯೀಲ್ಡ್ ಶೇ 30ರ ಸುತ್ತ. ಇವು ಸೂತ್ರದ ಅಂಕಿಗಳು, ಇಂಟೆಲ್ ತನ್ನ ಅಂಕಿಗಳನ್ನು ಬಿಟ್ಟುಕೊಡಲಿಲ್ಲ. ಆದರೆ 10 ನ್ಯಾನೊಮೀಟರಿನ ಮುಖ್ಯ ಸರ್ವರ್ ಚಿಪ್ ಐಸ್ ಲೇಕ್ ಮಾರುಕಟ್ಟೆಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ ಎಂಬುದೇ ಸಾಕಷ್ಟು ಹೇಳುತ್ತದೆ. ಸಣ್ಣ ಚಿಪ್ ತೋರಿಸಿ ‘ಪ್ರಕ್ರಿಯೆ ಸಿದ್ಧ’ ಎನ್ನುವವರನ್ನು ‘ನಿಮ್ಮ ಅತಿ ದೊಡ್ಡ ಚಿಪ್ ಎಷ್ಟು ಗಾತ್ರದ್ದು?’ ಎಂದು ಕೇಳಬಲ್ಲವರು ನಿರ್ದೇಶಕ ಮಂಡಳಿಯಲ್ಲಿ ಒಬ್ಬರಾದರೂ ಇರಬೇಕಿತ್ತು.

ಒಬ್ಬರು ಮಾಡಿದ್ದು, ಇನ್ನೊಬ್ಬರು ಉಂಡದ್ದು

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಈ ಉದ್ಯಮದಲ್ಲಿ ನಡೆಯುವುದಿಲ್ಲ. ಒಟೆಲಿನಿ ಅವಧಿಯ ಹೆಮ್ಮೆಗಳನ್ನೇ ನೋಡಿ. 2007ರಲ್ಲಿ 45 ನ್ಯಾನೊಮೀಟರ್‌ನೊಂದಿಗೆ ಬಂದ ಹಾಫ್ನಿಯಂ ಆಧಾರಿತ ಅವಾಹಕ ಮತ್ತು ಲೋಹದ ಗೇಟ್‌ನ ಸಂಶೋಧನೆಯನ್ನು ಕಂಪನಿ ಪ್ರಕಟಿಸಿದ್ದು 2003ರ ನವೆಂಬರ್‌ನಲ್ಲಿ. 2012ರಲ್ಲಿ 22 ನ್ಯಾನೊಮೀಟರ್ ಚಿಪ್‌ಗಳೊಂದಿಗೆ ಬಂದ ಮೂರು ಬದಿಯ ಟ್ರಾನ್ಸಿಸ್ಟರ್‌ನದು 2002ರಲ್ಲಿ. ಎರಡೂ ಬ್ಯಾರೆಟ್ ಕಾಲದ ಬಿತ್ತನೆ. ಒಟೆಲಿನಿ ಮಾಡಿದ ದೊಡ್ಡ ಕೆಲಸವೆಂದರೆ ಅವಕ್ಕೆ ಹಣ ಕೊಟ್ಟು, ಒಂದು ವರ್ಷ ಹೊಸ ಪ್ರಕ್ರಿಯೆ, ಮರುವರ್ಷ ಹೊಸ ವಿನ್ಯಾಸ ಎಂಬ ಲಯವನ್ನು ಕದಡದೆ ನಡೆಸಿದ್ದು. ಹೊಸ ಪ್ರಕ್ರಿಯೆಯನ್ನು ಹಳೆಯ ವಿನ್ಯಾಸದ ಮೇಲೆ, ಹೊಸ ವಿನ್ಯಾಸವನ್ನು ಪಳಗಿದ ಪ್ರಕ್ರಿಯೆಯ ಮೇಲೆ ಪರೀಕ್ಷಿಸುವ ಈ ಕ್ರಮ ಅಪಾಯವನ್ನು ಎರಡು ಪಾಲು ಮಾಡುತ್ತಿತ್ತು.

ಅವರು ಸೋತದ್ದು ಅವರದೇ ಅಂಗಳದಲ್ಲಿ, ಮಾರುಕಟ್ಟೆಯ ಅಂದಾಜಿನಲ್ಲಿ. 2006ರಲ್ಲಿ ಮೊಬೈಲ್ ಚಿಪ್‌ಗಳ ಎಕ್ಸ್‌ಸ್ಕೇಲ್ ವ್ಯವಹಾರವನ್ನು 60 ಕೋಟಿ ಡಾಲರ್‌ಗೆ ಮಾರ್ವೆಲ್ ಎಂಬ ಚಿಪ್ ಕಂಪನಿಗೆ ಮಾರಿದರು. ಐಫೋನ್‌ಗೆ ಚಿಪ್ ಮಾಡಿಕೊಡುವ ಅವಕಾಶವನ್ನು, ಆಪಲ್ ಹೇಳಿದ ಬೆಲೆ ತಮ್ಮ ಅಂದಾಜು ವೆಚ್ಚಕ್ಕಿಂತ ಕಡಿಮೆ ಎಂದು ಬಿಟ್ಟರು. ವೆಚ್ಚದ ಅಂದಾಜೇ ತಪ್ಪಿತ್ತು ಎಂದು ಅಧಿಕಾರ ಬಿಡುವ ಹೊತ್ತಿಗೆ ಸಂದರ್ಶನವೊಂದರಲ್ಲಿ ಅವರೇ ಒಪ್ಪಿಕೊಂಡರು. ಹಣಕಾಸಿನಿಂದ ಬಂದವರು ಪ್ರಕ್ರಿಯೆಯಲ್ಲಿ ಗೆದ್ದು ಲೆಕ್ಕದಲ್ಲಿ ಎಡವಿದರು. ಪದವಿ ನೋಡಿ ಭವಿಷ್ಯ ಹೇಳುವವರಿಗೆ ಇದು ನುಂಗಲಾರದ ತುತ್ತು.

ಕ್ರ್ಜಾನಿಚ್ ವಿಷಯದಲ್ಲೂ ನ್ಯಾಯವಾಗಿ ನೋಡಬೇಕು. 2013ರ ಅಕ್ಟೋಬರ್‌ನಲ್ಲಿ, ಕುರ್ಚಿಯಲ್ಲಿ ಕೂತ ಐದೇ ತಿಂಗಳಿಗೆ, ದೋಷಸಾಂದ್ರತೆಯ ಕಾರಣಕ್ಕೆ 14 ನ್ಯಾನೊಮೀಟರ್ ಒಂದು ತ್ರೈಮಾಸಿಕ ತಡ ಎಂದು ಅವರು ಹೇಳಬೇಕಾಯಿತು. ಅದು ಹಿಂದಿನಿಂದ ಬಂದ ಸಾಲ. ಆದರೆ 10 ನ್ಯಾನೊಮೀಟರ್ ಗುರಿಯನ್ನು ಸಡಿಲಿಸಲು ಸಾಕಷ್ಟು ಸಮಯ ಅವರ ಕೈಯಲ್ಲೇ ಇತ್ತು. 2015ರ ಮೊದಲ ಮುಂದೂಡಿಕೆಯ ಹೊತ್ತಿಗೆ ಪಿಚ್ ಅನ್ನು 40ಕ್ಕೆ ಏರಿಸಿ, ಕೋಬಾಲ್ಟನ್ನು ಮುಂದಿನ ಪೀಳಿಗೆಗೆ ತಳ್ಳಿದ್ದರೆ ಸಾಂದ್ರತೆ ತಗ್ಗುತ್ತಿತ್ತು, ವಿನ್ಯಾಸಗಳನ್ನು ಮತ್ತೆ ಮಾಡಬೇಕಾಗುತ್ತಿತ್ತು, ಆದರೂ ಮೂರು ವರ್ಷ ಉಳಿಯುತ್ತಿತ್ತು ಎಂಬುದು ನಮ್ಮ ಅಂದಾಜು. ಸಿದ್ಧ ರೆಸಿಪಿಯನ್ನು ಹರಡಿ ಬೆಳೆದವರಿಗೆ ಯೀಲ್ಡ್ ಸಮಸ್ಯೆ ಎಂದರೆ ತಾಳ್ಮೆಯಿಂದ ದೋಷಗಳನ್ನು ಒಂದೊಂದಾಗಿ ಕಿತ್ತುಹಾಕುವ ಕೆಲಸ. ರೆಸಿಪಿಯೇ ತಪ್ಪು ಎಂದು ನಿಲ್ಲಿಸುವುದು ಆ ಅಭ್ಯಾಸದಲ್ಲಿ ಇಲ್ಲ. ಫ್ಯಾಬ್ ಹಿನ್ನೆಲೆಯೇ ಇಲ್ಲಿ ತೊಡಕಾಯಿತೆಂದು ನಮಗನ್ನಿಸುವುದು ಇದಕ್ಕೇ. 2016ರ ಏಪ್ರಿಲ್‌ನಲ್ಲಿ ಪ್ರಕಟವಾದ 12,000 ಹುದ್ದೆಗಳ ಕಡಿತವೂ ಹೊತ್ತು ನೋಡಿ ಬಂದಂತಿತ್ತು, ಅನುಭವಸ್ಥರು ಹೊರಹೋಗಬಾರದ ಸಮಯವದು.

ಎರಡನೆಯ ಸಾಲು

ಸಿಇಒ ಹೆಸರಿನ ಮೇಲೆ ಕಣ್ಣಿಟ್ಟವರಿಗೆ ಕಾಣದಿರುವುದು ಅವರ ಕೆಳಗಿನ ಸಾಲು. ಇಂಟೆಲ್‌ನಲ್ಲಿ ಪ್ರಕ್ರಿಯೆ ಅಭಿವೃದ್ಧಿ ಮತ್ತು ಫ್ಯಾಬ್‌ಗಳೆರಡೂ ಒಂದೇ ದೊಡ್ಡ ವಿಭಾಗದಲ್ಲಿದ್ದವು. ಅದರ ಮುಖ್ಯಸ್ಥ ಬಿಲ್ ಹೋಲ್ಟ್ 2016ರಲ್ಲಿ ನಿವೃತ್ತರಾದರು. 2018ರ ಅಕ್ಟೋಬರ್‌ನಲ್ಲಿ ಆ ವಿಭಾಗವನ್ನು ಅಭಿವೃದ್ಧಿ, ಉತ್ಪಾದನೆ, ಪೂರೈಕೆ ಎಂದು ಮೂರಾಗಿ ಒಡೆದರು. ಎಲ್ಲರ ಮೇಲೆ 2015ರಲ್ಲಿ ಕ್ವಾಲ್ಕಾಮ್‌ನಿಂದ ಬಂದಿದ್ದ ಮೂರ್ತಿ ರೆಂಡುಚಿಂತಲ ಇದ್ದರು. ಅವರ ಹಿನ್ನೆಲೆ ಚಿಪ್ ವಿನ್ಯಾಸದ್ದು, ಅದೂ ಸ್ವಂತ ಫ್ಯಾಬ್ ಇಲ್ಲದ ಕಂಪನಿಯದು.

ಹೀಗಿರುವಾಗ ಸಿಇಒ ಆದವರು ಬಾಬ್ ಸ್ವಾನ್. ಕ್ರ್ಜಾನಿಚ್ 2018ರ ಜೂನ್‌ನಲ್ಲಿ ಸಿಬ್ಬಂದಿ ನಡವಳಿಕೆಯ ನಿಯಮ ಮೀರಿದ ಕಾರಣಕ್ಕೆ ನಿರ್ಗಮಿಸಿದಾಗ ಸ್ವಾನ್ ಹಂಗಾಮಿಯಾಗಿ ಬಂದು, 2019ರ ಜನವರಿಯಲ್ಲಿ ಖಾಯಂ ಆದರು. ಈಬೇಯ ಸಿಎಫ್‌ಒ (ಹಣಕಾಸು ಮುಖ್ಯಸ್ಥ) ಆಗಿದ್ದವರು, ಇಂಟೆಲ್‌ಗೂ 2016ರಲ್ಲಿ ಸಿಎಫ್‌ಒ ಆಗಿಯೇ ಬಂದವರು. ಅವರ ಕಾಲದಲ್ಲಿ 2020ರ ವರಮಾನ 7,790 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ಅದೇ ವರ್ಷ ಜುಲೈ 23ರಂದು 7 ನ್ಯಾನೊಮೀಟರ್‌ನ ಯೀಲ್ಡ್ ಆಂತರಿಕ ಗುರಿಗಿಂತ ಸುಮಾರು 12 ತಿಂಗಳು ಹಿಂದಿದೆ ಎಂದು ಪ್ರಕಟಿಸಿದರು. ಮರುದಿನ ಷೇರು ಶೇ 16ರಷ್ಟು ಬಿತ್ತು. ವರಮಾನ ಹಳೆಯ ಪ್ರಕ್ರಿಯೆಯ ಫಸಲು, ವಿಳಂಬ ಹೊಸದರ ಸುದ್ದಿ. ಎರಡನ್ನೂ ಒಬ್ಬರ ಹೆಸರಿಗೆ ಬರೆಯುವುದು ಲೆಕ್ಕದ ತಪ್ಪು.

ಸ್ವಾನ್ ಅವರಿಗೆ ಸಲ್ಲಬೇಕಾದ ಒಂದು ಮಾತಿದೆ. ಸುದ್ದಿ ಹೊರಬಿದ್ದು ಎರಡು ವಾರದೊಳಗೆ ರೆಂಡುಚಿಂತಲ ಹೊರನಡೆದರು, ಪ್ರಕ್ರಿಯೆ ಅಭಿವೃದ್ಧಿ ಆನ್ ಕೆಲೆಹರ್ ಕೈಗೆ ಬಂತು. ಕೆಲೆಹರ್ ಕಾರ್ಕ್‌ನಲ್ಲಿ ಪಿಎಚ್‌ಡಿ ಮುಗಿಸಿ 1996ರಲ್ಲಿ ಐರ್ಲೆಂಡ್‌ನ ಲೀಕ್ಸ್‌ಲಿಪ್ ಫ್ಯಾಬ್‌ನಲ್ಲಿ ಪ್ರೊಸೆಸ್ ಇಂಜಿನಿಯರ್ ಆಗಿ ಸೇರಿ, ಹಲವು ಫ್ಯಾಬ್‌ಗಳನ್ನು ನಡೆಸಿದವರು. ಹೊರಗಿನ ಫೌಂಡ್ರಿಗಳಲ್ಲಿ ಚಿಪ್ ಮಾಡಿಸುವ ಮಾತನ್ನೂ ಸ್ವಾನ್ ಬಾಯಿಬಿಟ್ಟು ಆಡಿದರು. ಫ್ಯಾಬ್‌ನ ಮೇಲೆ ಮಮಕಾರವಿದ್ದವರಿಗೆ ಆ ಮಾತು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಅವರ ವಿರುದ್ಧ ಹೇಳಬೇಕಾದದ್ದು 2019ರ ಅಕ್ಟೋಬರ್‌ನಲ್ಲಿ ಷೇರು ಮರುಖರೀದಿಗೆ ಹೆಚ್ಚುವರಿ 2,000 ಕೋಟಿ ಡಾಲರ್‌ಗೆ ಮಂಜೂರಾತಿ ಸಿಕ್ಕಿದ್ದು. ಇಂಟೆಲ್ 2012ರಲ್ಲೇ ಲಿಥೋಗ್ರಫಿ ಯಂತ್ರ ಮಾಡುವ ಎಎಸ್‌ಎಂಎಲ್‌ನಲ್ಲಿ ಷೇರು ಮತ್ತು ಸಂಶೋಧನೆಗೆಂದು 410 ಕೋಟಿ ಡಾಲರ್ ತೊಡಗಿಸಲು ಒಪ್ಪಿಕೊಂಡಿತ್ತು. ಮಲ್ಟಿಪ್ಯಾಟರ್ನಿಂಗ್ ಗೋಳನ್ನು ತಪ್ಪಿಸಬಲ್ಲ, 13.5 ನ್ಯಾನೊಮೀಟರ್ ತರಂಗಾಂತರದ ಇಯುವಿ ಯಂತ್ರಕ್ಕಾಗಿ ಆ ಹಣ. ಆದರೂ ಇಯುವಿ ಬಳಸಿ 2019ರಲ್ಲೇ ಉತ್ಪಾದನೆಗೆ ಇಳಿದದ್ದು ಟಿಎಸ್‌ಎಂಸಿ. ಇಂಟೆಲ್‌ನಲ್ಲಿ ಅದು ದೊಡ್ಡ ಪ್ರಮಾಣಕ್ಕೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಲೀಕ್ಸ್‌ಲಿಪ್‌ನ ಫ್ಯಾಬ್ 34ರಲ್ಲಿ.

ಕೆಲೆಹರ್ ತಂಡ ತಂದ ಬದಲಾವಣೆಗಳಲ್ಲಿ ಒಂದನ್ನು ಹೇಳಲೇಬೇಕು. ಮುಂದಿನ 20ಎ, 18ಎ ಪೀಳಿಗೆಗಳಿಗೆ ಎರಡು ಹೊಸತು ಯೋಜಿತವಾಗಿದ್ದವು: ಸುತ್ತಲೂ ಗೇಟ್ ಇರುವ ಟ್ರಾನ್ಸಿಸ್ಟರ್, ಮತ್ತು ವೇಫರಿನ ಹಿಂಬದಿಯಿಂದ ವಿದ್ಯುತ್ ಪೂರೈಸುವ ಪವರ್‌ವಯಾ. ಎರಡನ್ನೂ ಒಮ್ಮೆಗೇ ಪ್ರಯೋಗಿಸುವ ಬದಲು, ಪಳಗಿದ ‘ಇಂಟೆಲ್ 4’ ಎಂಬ ಪ್ರಕ್ರಿಯೆಯ ಟ್ರಾನ್ಸಿಸ್ಟರ್‌ಗಳ ಮೇಲೆ ಪವರ್‌ವಯಾ ಮಾತ್ರ ಹಾಕಿದ ಪರೀಕ್ಷಾ ಚಿಪ್ ಮಾಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ದೋಷ ಕಂಡರೆ ಅದು ಹಿಂಬದಿಯ ತಂತಿಯದೇ ಎಂದು ತಿಳಿಯುವ ವ್ಯವಸ್ಥೆ. 10 ನ್ಯಾನೊಮೀಟರ್‌ನಲ್ಲಿ ಬಿಟ್ಟುಹೋದದ್ದು ಇದೇ.

ಕಳೆದ ಸಲದ ಕಾಯಿಲೆಗೆ ಈ ಸಲದ ಮದ್ದು

ನೇಮಕಗಳ ಸಾಲನ್ನು ನೋಡಿದರೆ ನಿರ್ದೇಶಕ ಮಂಡಳಿ ಪ್ರತಿ ಸಲ ಹಿಂದಿನವರಲ್ಲಿ ಇಲ್ಲದ್ದನ್ನು ಹುಡುಕಿದಂತಿದೆ. ಮಾರಾಟದವರ ನಂತರ ಫ್ಯಾಬ್‌ನವರು, ಫ್ಯಾಬ್ ಎಡವಿದಾಗ ಹಣಕಾಸಿನವರು, ತಂತ್ರಜ್ಞಾನ ಹಿಂದೆ ಬಿದ್ದಾಗ 2021ರ ಫೆಬ್ರುವರಿಯಲ್ಲಿ ಇಂಜಿನಿಯರ್ ಪ್ಯಾಟ್ ಗೆಲ್ಸಿಂಗರ್. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಗೆಲ್ಸಿಂಗರ್ 18ನೆಯ ವಯಸ್ಸಿಗೆ ಟೆಕ್ನಿಶಿಯನ್ ಆಗಿ ಇಂಟೆಲ್ ಸೇರಿ, ಕೆಲಸ ಮಾಡುತ್ತಲೇ ಪದವಿಗಳನ್ನು ಪಡೆದು, 80486 ಪ್ರೊಸೆಸರ್‌ನ ವಿನ್ಯಾಸ ಮುನ್ನಡೆಸಿ, ಸಿಟಿಒ (ತಂತ್ರಜ್ಞಾನ ಮುಖ್ಯಸ್ಥ) ಆದವರು. 2009ರಲ್ಲಿ ಹೊರಹೋಗಿ, ಮುಂದೆ ವಿಎಂವೇರ್ ಎಂಬ ಸಾಫ್ಟ್‌ವೇರ್ ಕಂಪನಿ ನಡೆಸಿದರು. ಅವರ ಯೋಜನೆಯ ಒಂದು ಕಾಲು ನಾಲ್ಕು ವರ್ಷಕ್ಕೆ ಐದು ಪ್ರಕ್ರಿಯೆ, ಇನ್ನೊಂದು ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವ ಫೌಂಡ್ರಿ. ಮೊದಲನೆಯದು ಏದುಸಿರು ಬಿಡುತ್ತಾ ಸಾಗಿತು, ದಾರಿಯಲ್ಲಿ 20ಎಯನ್ನು ಉತ್ಪನ್ನಗಳಿಗೆ ಬಳಸದೆ ಕೈಬಿಟ್ಟರು. ಮುಗ್ಗರಿಸಿದ್ದು ಎರಡನೆಯದು. ಫೌಂಡ್ರಿ ಗ್ರಾಹಕರಿಗೆ ವೇಫರಿಗಿಂತ ಮೊದಲು ಬೇಕಾಗುವುದು ವಿನ್ಯಾಸದ ನಿಯಮಪುಸ್ತಕ, ಅವರು ಆಗಲೇ ಬಳಸುತ್ತಿರುವ ವಿನ್ಯಾಸ ಸಾಫ್ಟ್‌ವೇರ್‌ನಲ್ಲಿ ಓಡುವ ಮಾದರಿಗಳು, ಸಿದ್ಧ ಬಿಲ್ಡಿಂಗ್ ಬ್ಲಾಕ್‌ಗಳು, ಪ್ರಶ್ನೆಗೆ ರಾತ್ರೋರಾತ್ರಿ ಉತ್ತರ ಕೊಡುವ ತಂಡ. ದಶಕಗಳ ಕಾಲ ತನ್ನ ಪ್ರಕ್ರಿಯೆಯನ್ನು ತನ್ನದೇ ವಿನ್ಯಾಸಗಾರರಿಗೆ ಹೊಲಿದುಕೊಟ್ಟ ಕಂಪನಿಗೆ ಈ ಅಭ್ಯಾಸ ಇರಲಿಲ್ಲ. ಫೌಂಡ್ರಿ ಸೇವೆಯ ಮುಖ್ಯಸ್ಥರು 2021ರಿಂದ 2024ರೊಳಗೆ ಎರಡು ಸಲ ಬದಲಾದರು. ಫ್ಯಾಬ್‌ಗಳಿಗೆ ಹಣ ಮೊದಲೇ ಸುರಿದಾಗಿತ್ತು. ತಯಾರಿಕಾ ವಿಭಾಗ 2023ರಲ್ಲಿ 700 ಕೋಟಿ ಡಾಲರ್ ನಿರ್ವಹಣಾ ನಷ್ಟ ತೋರಿಸಿತು. 2024ರ ಆಗಸ್ಟ್ 1ರಂದು 15,000 ಹುದ್ದೆ ಕಡಿತ ಮತ್ತು ಡಿವಿಡೆಂಡ್ ಸ್ಥಗಿತ ಪ್ರಕಟವಾದ ಮರುದಿನ ಷೇರು ಶೇ 26 ಕುಸಿಯಿತು. ಡಿಸೆಂಬರ್ ಮೊದಲ ದಿನ ಗೆಲ್ಸಿಂಗರ್ ನಿರ್ಗಮಿಸಿದರು.

ಇದೇ ಹಾದಿಯಲ್ಲಿ ಟಿಎಸ್‌ಎಂಸಿ ಏನು ಮಾಡಿತು ಎಂದು ಒಂದು ನೋಟ ಹಾಯಿಸಬಹುದು. ಅಲ್ಲೂ 2009ರಲ್ಲಿ 40 ನ್ಯಾನೊಮೀಟರ್ ಯೀಲ್ಡ್ ಕೈಕೊಟ್ಟಿತ್ತು. ಆಗಿನ ಸಿಇಒ ರಿಕ್ ತ್ಸಾಯ್ ವಸ್ತುವಿಜ್ಞಾನದಲ್ಲಿ ಪಿಎಚ್‌ಡಿ ಪಡೆದವರು, ಆದರೂ ಆರ್ಥಿಕ ಹಿಂಜರಿತಕ್ಕೆ ಉತ್ತರವಾಗಿ ಜನರನ್ನು ಕಡಿತಗೊಳಿಸಿದರು. ಸ್ಥಾಪಕ ಮಾರಿಸ್ ಚಾಂಗ್ 77ರ ವಯಸ್ಸಿನಲ್ಲಿ ಮತ್ತೆ ಕುರ್ಚಿಗೆ ಬಂದು, ತೆಗೆದವರನ್ನು ವಾಪಸ್ ಕರೆದರು, ನಿವೃತ್ತರಾಗಿದ್ದ ಸಂಶೋಧನಾ ಮುಖ್ಯಸ್ಥ ಚಿಯಾಂಗ್ ಶಾಂಗ್-ಯಿ ಅವರನ್ನು ಕರೆತಂದರು, 2010ರ ಬಂಡವಾಳ ವೆಚ್ಚವನ್ನು 590 ಕೋಟಿ ಡಾಲರ್‌ಗೆ ಏರಿಸಿದರು. ಮುಂದೆ ಸಿಇಒ ಆದ ಸಿ.ಸಿ. ವೇ ಯೇಲ್‌ನ ಪಿಎಚ್‌ಡಿ, ಫ್ಯಾಬ್‌ಗಳನ್ನು ನಡೆಸಿದವರು. ಆದರೆ ಮೇಲೇರುವ ಮೊದಲು ವ್ಯವಹಾರ ಅಭಿವೃದ್ಧಿಯಲ್ಲಿ ಗ್ರಾಹಕರ ಎದುರು ಕೂತು ಬಂದರು. ಹಾಗೆ ಬಂದವರಿಗೆ ಪಿಚ್ 40 ಸಾಕೇ ಎಂಬ ಪ್ರಶ್ನೆ ಗ್ರಾಹಕರ ತಾರೀಖಿನೊಂದಿಗೇ ಕೇಳಿಸುತ್ತದೆ.

ಆಯ್ಕೆ ಸಮಿತಿಯ ಮೇಜಿನ ಮೇಲೆ

ಇಂಥ ಹುದ್ದೆಗೆ ಜನ ಹುಡುಕುವವರು ಮೊದಲು ಒಂದು ಹಾಳೆಯಲ್ಲಿ ಎರಡು ಪಟ್ಟಿ ಎಳೆಯಲಿ. ಮೇಲಿನದರಲ್ಲಿ ಅಭ್ಯರ್ಥಿ ಕೆಲಸ ಮಾಡಿದ ಪ್ರತಿ ಪ್ರಕ್ರಿಯೆ ಅಥವಾ ಉತ್ಪನ್ನದ ಗುರಿ ನಿಗದಿಯಾದ ವರ್ಷ, ಮೊದಲ ಪ್ರಾಯೋಗಿಕ ವೇಫರ್, ದೊಡ್ಡ ಪ್ರಮಾಣದ ಉತ್ಪಾದನೆ. ಕೆಳಗಿನದರಲ್ಲಿ ಅವರ ಹುದ್ದೆಗಳ ಅವಧಿ. ಗುರಿ ನಿಗದಿಯಿಂದ ಉತ್ಪಾದನೆಯವರೆಗೆ ಒಂದನ್ನಾದರೂ ಪೂರ್ತಿ ಹೊತ್ತಿದ್ದಾರೆಯೇ ಎಂಬುದು ತಾನಾಗಿ ಕಾಣುತ್ತದೆ. ಎರಡು ವರ್ಷಕ್ಕೊಮ್ಮೆ ಬಡ್ತಿ ಪಡೆದವರ ಹಾಳೆಯಲ್ಲಿ ಇಂಥದ್ದು ಒಂದೂ ಸಿಗದಿರುವುದು ಅಪರೂಪವಲ್ಲ.

ಸಂದರ್ಶನದಲ್ಲಿ ಗೆಲುವಿನ ಕಥೆಗಿಂತ ದೋಷಸಾಂದ್ರತೆಯ ರೇಖೆಯನ್ನು ಕೇಳಬೇಕು. ಎಷ್ಟರಿಂದ ಎಷ್ಟಕ್ಕೆ, ಎಷ್ಟು ತಿಂಗಳಲ್ಲಿ, ಯಾವ ಒಂದು ಬದಲಾವಣೆಗೆ ರೇಖೆ ಬಾಗಿತು? ನಿಜವಾಗಿ ಅಲ್ಲಿದ್ದವರು ಯಂತ್ರದ ಹೆಸರು, ಪದರದ ಹೆಸರು ಹೇಳುತ್ತಾರೆ. ಉಸ್ತುವಾರಿ ಮಾತ್ರ ಮಾಡಿದವರು ‘ತಂಡದ ಪರಿಶ್ರಮ’ ಎನ್ನುತ್ತಾರೆ. ಆಮೇಲೆ, ತಾವೇ ಒಪ್ಪಿದ ಗುರಿಯನ್ನು ತಾವೇ ಇಳಿಸಿದ್ದುಂಟೇ, ಆಗ ಯಾರ ಮುಂದೆ ಹೇಳಬೇಕಾಯಿತು? ಇದಕ್ಕೆ ಉತ್ತರವಿಲ್ಲದವರ ಕೈಗೆ 2.7 ಪಟ್ಟಿನಂಥ ಗುರಿಯನ್ನು ಕೊಡಬಾರದು.

ಹಣಕಾಸಿನಿಂದ ಬಂದವರಿಗೆ ಪರೀಕ್ಷೆ ಬೇರೆ. ಯೀಲ್ಡ್ ವರದಿಯನ್ನು ಅವರ ಮುಂದಿಟ್ಟು, ಚಿಪ್ ಗಾತ್ರ ಬದಲಾದರೆ ವೆಚ್ಚ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿಸಬೇಕು. ಅವರ ಕೈಕೆಳಗೆ ಪ್ರಕ್ರಿಯೆ ನಿಲ್ಲಿಸುವ ಅಧಿಕಾರ ಯಾರಿಗಿರುತ್ತದೆ ಎಂದು ನೇಮಕದ ಮೊದಲೇ ಬರೆಸಿಕೊಳ್ಳಬೇಕು. ಪ್ರಕ್ರಿಯೆ ಅಭಿವೃದ್ಧಿಯ ಮುಖ್ಯಸ್ಥರು ಸಿಇಒಗೆ ನೇರವಾಗಿ ವರದಿ ಮಾಡಿಕೊಳ್ಳುವುದು, ವರ್ಷಕ್ಕೆ ಎರಡು ಸಲವಾದರೂ ಸಿಇಒ ಇಲ್ಲದೆ ನಿರ್ದೇಶಕ ಮಂಡಳಿಯ ಮುಂದೆ ಅಂಕಿ ಇಡುವುದು, ಇವೆರಡನ್ನು ಸಂಘಟನಾ ಪಟ್ಟಿಯಲ್ಲಿ ಸೇರಿಸದಿದ್ದರೆ ಕೆಟ್ಟ ಸುದ್ದಿ ಮೇಲೇರುವಷ್ಟರಲ್ಲಿ ಅರ್ಧ ಸಿಹಿಯಾಗಿರುತ್ತದೆ.

2025ರ ಮಾರ್ಚ್‌ನಲ್ಲಿ ಇಂಟೆಲ್ ಆರಿಸಿದ್ದು ಲಿಪ್-ಬು ಟಾನ್ ಅವರನ್ನು. ಭೌತಶಾಸ್ತ್ರ, ಪರಮಾಣು ಇಂಜಿನಿಯರಿಂಗ್, ಎಂಬಿಎ ಮೂರೂ ಇವೆ. ಅದಕ್ಕಿಂತ ಮುಖ್ಯವಾಗಿ ವಾಲ್ಡನ್ ಇಂಟರ್‌ನ್ಯಾಷನಲ್ ಎಂಬ ಹೂಡಿಕೆ ಸಂಸ್ಥೆ ಕಟ್ಟಿದವರು, 2009ರಿಂದ 2021ರವರೆಗೆ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಮಾಡುವ ಕೇಡೆನ್ಸ್‌ನ ಸಿಇಒ. ಫೌಂಡ್ರಿಗೆ ಬರುವ ಗ್ರಾಹಕರ ಮೇಜಿನ ಮೇಲಿರುವುದೇ ಕೇಡೆನ್ಸ್‌ನಂಥವರ ಸಾಫ್ಟ್‌ವೇರ್. ಫ್ಯಾಬ್ ನಡೆಸಿದ ಅನುಭವ ಅವರಿಗಿಲ್ಲ. ಆ ಹಿನ್ನೆಲೆಯ ಗುರುತು ಬೇಗನೇ ಕಂಡಿತು: ಅದೇ ಜುಲೈನಲ್ಲಿ ಕಂಪನಿ, ಮುಂದಿನ 14ಎ ಪ್ರಕ್ರಿಯೆಗೆ ದೊಡ್ಡ ಹೊರಗಿನ ಗ್ರಾಹಕ ಸಿಗದಿದ್ದರೆ ಅದರ ಅಭಿವೃದ್ಧಿಯನ್ನು ನಿಲ್ಲಿಸಲೂಬಹುದು ಎಂದು ಹೂಡಿಕೆದಾರರಿಗೆ ಲಿಖಿತವಾಗಿ ತಿಳಿಸಿತು. ಪ್ರಕ್ರಿಯೆಗೆ ಮೊದಲು ಗ್ರಾಹಕರ ಸಹಿ ಎಂಬ ಈ ಕ್ರಮ ಮೂರ್, ಗ್ರೋವ್, ಬ್ಯಾರೆಟ್ ಯಾರ ಕಾಲದಲ್ಲೂ ಇರಲಿಲ್ಲ. 18ಎಯ ಯೀಲ್ಡ್‌ನಲ್ಲಿ ಕಾಣುವುದು ಬಹುಪಾಲು ಗೆಲ್ಸಿಂಗರ್ ಮತ್ತು ಕೆಲೆಹರ್ ಅವರ ಕೆಲಸ. ಟಾನ್ ಅವರ ಲೆಕ್ಕ ಶುರುವಾಗುವುದು 14ಎಯಿಂದ.